ಅಮ್ಮನ ಬನದ ತರಗು

ತಮ್ಮ ಗಿಡ್ಡಯ್ಯನಿಗೆ,

ಇತ್ತ ಕ್ಷೇಮವೆಂದು ಬರೆಯಲು ಕೈ ಬರುತ್ತಿಲ್ಲ. ಹುಳಿಯಾರಿನಲ್ಲಿ ನಿನ್ನನ್ನು ಮಣ್ಣು ಮಾಡಿ ಎರಡು ವರ್ಷವಾಯಿತು. ಆವತ್ತೂ ನಾನು ಬರಲಿಲ್ಲ.

ಊರದೇವತೆ ಅಮ್ಮನ ಬನದಲ್ಲಿ, ಹುಳಕ್ಕೆ ಹೊಡೆಯುವ ಬಿ.ಎಚ್.ಸಿ. ಪುಡಿಯ ಘಾಟು ಎದ್ದಾಗ, ತೋಟಕ್ಕೆ ಹೊಡೆದು ಮಿಕ್ಕ ಪುಡಿಯನ್ನು ನೀನೇ ಅಲ್ಲಿ ಸುರಿದೆ ಎಂದು ನಾನು ಊರ ಮುಂದೆ ಹೇಳಿದೆ. ನೀನು ಅಮ್ಮನ ಅರಿಶಿನದ ಭಂಡಾರ ಮುಟ್ಟಿ ಆಣೆ ಮಾಡಿ ಇಲ್ಲವೆಂದೆ. ಆದರೂ ತಪ್ಪಿಗೆ ದಂಡವೆಂದು ಬನದ ತರಗನ್ನೆಲ್ಲ ನಿನ್ನಿಂದಲೇ ಗುಡಿಸಿಸಿ ಹೊರಗೆ ಹೊರಿಸಿದೆ. ಮರುವರ್ಷದ ಬೇಸಿಗೆಗೆ ಘಾಟು ಮತ್ತೆ ಎದ್ದಿತು. ಸುಳ್ಳು ಆಣೆ ಮಾಡಿದವನೆಂದು ನಿನ್ನೊಡನೆ ಮಾತು ಬಿಟ್ಟೆ. ನೀನು ಹೆಂಡತಿಯನ್ನು ಕರೆದುಕೊಂಡು ಹುಳಿಯಾರು ಸೇರಿದೆ.

ಹೋದ ತಿಂಗಳು ಪರೀಕ್ಷೆಗೆಂದು ತರಗು ಕಟ್ಟಿಕೊಂಡು ಹೋಗಿದ್ದ ಕೃಷಿ ಕಾಲೇಜಿನವರು ಇವತ್ತು ಮಧ್ಯಾಹ್ನ ಬನಕ್ಕೆ ಬಂದು, ಊರವರೆಲ್ಲರ ಎದುರಿಗೆ ನನಗೆ ಹೇಳಿದರು.

"ಇಲ್ಲಿ ಯಾರೂ ಸುರಿದಿಲ್ಲ ಕಣಮ್ಮ. ತೋಟಕ್ಕೆ ಹೊಡೆದಿದ್ದು ಗಾಳೀಲಿ ಬರುತ್ತೆ, ಮರದ ಎಲೆ ಅದನ್ನ ಹೀರ್ಕೊಂಡು ಉದುರುತ್ತೆ. ಬಿಸಿಲಿಗೆ ಕಾದಾಗ ತರಗು ಅದನ್ನೇ ಗಾಳಿಗೆ ವಾಪಸ್ ಬಿಡುತ್ತೆ. ಎಷ್ಟು ಗುಡಿಸಿದ್ರೂ ಹೊಸ ಎಲೆ ಮತ್ತೆ ತರುತ್ತೆ."

ಪಕ್ಕದ ಮನೆಯ ಭೈರಮ್ಮ ಸುಮ್ಮನಿರಲಿಲ್ಲ. "ಬನದ ಮಗ್ಗುಲಲ್ಲಿ ತೆಂಗಿನ ಹುಳಕ್ಕೆ ವರ್ಷಾ ವರ್ಷಾ ಪುಡಿ ಹೊಡ್ಸೋ ತ್ವಾಟ ಯಾರ್ದೇ ಹುಚ್ಚಕ್ಕ? ಬಾಯಿಗೇನು ಕೊಬ್ರಿ ತುರುಕ್ಕೊಂಡಿದ್ದೀಯಾ?"

ಎಲ್ಲರೂ ನನ್ನ ಮುಖ ನೋಡಿದರು. ಕಾಲಡಿಯ ತರಗು ಸದ್ದು ಮಾಡೀತೆಂದು ನಾನು ಅಲುಗಾಡಲಿಲ್ಲ.

"ನಂದೇ ಕಣೇ" ಎಂದೆ.

ಅಮ್ಮನ ಕಡೆ ತಿರುಗಿ ಕೈ ಮುಗಿಯಲು ಆಗಲಿಲ್ಲ, ಹಾಗೇ ಬಂದುಬಿಟ್ಟೆ. ನಾಳೆ ಮೊದಲ ಬಸ್ಸಿಗೆ ಹುಳಿಯಾರಿಗೆ ಹೊರಟಿದ್ದೇನೆ. ನಿನ್ನ ಹೆಂಡತಿ ಒಳಗೆ ಬಾ ಎನ್ನದಿದ್ದರೆ, ಬೀದಿಯಲ್ಲೇ ನಿಂತು, ಆ ಪುಡಿ ನನ್ನ ತೋಟದ್ದೇ ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳುತ್ತೇನೆ.

ನಿನ್ನ ಅಕ್ಕ
ಹುಚ್ಚಕ್ಕ