ಗೋಡೆ ಬಿಡದ ಈಜು

ಪ್ರೀತಿಯ ಅಪ್ಪಾ,

ನೀನು ಹರಿಗೋಲು ಇಳಿದು ಮೀನಿನ ಬುಟ್ಟಿ ಹೊತ್ತು ಬರುವ ಹೊತ್ತಿಗೆ ಅವ್ವ ರೊಟ್ಟಿ ಮುಚ್ಚಿಟ್ಟು ಮುಖ ತಿರುಗಿಸಿ ಕೂತಿರುತ್ತಿದ್ದಳು, ನೆನಪಿದೆಯಾ? ಮನೆ ತುಂಬಿದ ಸೊಸೆ ಅತ್ತೆಯ ಒಲೆಯ ಮೇಲೆ ಮೊದಲ ಹಾಲು ಉಕ್ಕಿಸಬೇಕೆಂಬುದು ನಮ್ಮ ರೂಢಿ. ಅವ್ವ ಮದುವೆಯಾಗಿ ಬರುವಷ್ಟರಲ್ಲಿ ಹಳೇ ಕೊಲ್ಹಾರದ ಜೊತೆಗೆ ಆ ಒಲೆಯೂ ಅಣೆಕಟ್ಟಿನ ಹಿನ್ನೀರಿನ ಪಾಲಾಗಿತ್ತು. ನೀನೋ, ಅಷ್ಟು ದೊಡ್ಡ ಕೃಷ್ಣೆಯನ್ನು ಬಿಟ್ಟು ಮುಳುಗಿದ ಆ ಹಳೇ ಮನೆಯ ಗೋಡೆಯ ಸುತ್ತಲೇ ಬಲೆ ಬಿಡುತ್ತಿದ್ದೆ. "ನನ್ನ ಮನಿಗೆ ಬರೇ ಉಣ್ಣಾಕ ಬರ್ತಾನ" ಎನ್ನುತ್ತಿದ್ದಳು ಅವ್ವ. ನೀನು ಒಮ್ಮೆಯಾದರೂ ಉತ್ತರ ಕೊಟ್ಟಿದ್ದರೆ...

ಮೊನ್ನೆ ಬಾಗೇವಾಡಿಯ ನಮ್ಮ ಕಾಲೇಜಿನಲ್ಲಿ ಹಿನ್ನೀರಿನ ಹನಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದೆ. ಹನಿಯ ನಡುವೆ ನೆಟ್ಟಗೆ ಈಜುವ ಬ್ಯಾಕ್ಟೀರಿಯಾ ಗಾಜಿನ ಹತ್ತಿರ ಬಂದದ್ದೇ ಗಾಣದೆತ್ತಿನಂತೆ ಸುತ್ತತೊಡಗಿದವು. ಬಾಲ ಒಂದು ಕಡೆ ತಿರುಗಿದರೆ ಮೈ ಇನ್ನೊಂದು ಕಡೆ ಹೊರಳುತ್ತದೆ, ಗಾಜಿನ ಪಕ್ಕದ ನೀರು ಎರಡನ್ನೂ ತಡೆದು ದಾರಿ ಬಾಗಿಸುತ್ತದೆ, ಅಷ್ಟೇ ಎಂದು ಹುಡುಗರಿಗೆ ಹೇಳಿದೆ. ಹೇಳುತ್ತಲೇ ನನ್ನ ತಲೆ ಕೆಟ್ಟಿತು. ನಿನ್ನನ್ನು ಅಲ್ಲಿ ಹಿಡಿದದ್ದು ಮನೆಯ ಮೋಹವಾ, ಗೋಡೆಗೆ ಸೇರುವ ಮೀನಾ, ಬರೀ ನೀರಾ? ಮೋಹವೆಂದರೆ ಅವ್ವನಿಗೆ ನೋವು. ನೀರೆಂದರೆ ನಿನಗೆ ಮನಸ್ಸೇ ಇರಲಿಲ್ಲ ಎಂದಂತೆ. ಯಾವುದನ್ನು ನಂಬಲಿ ಅಪ್ಪಾ?

ತಿಳಿಯದೆ ಅವ್ವನನ್ನೇ ಕಾಲೇಜಿಗೆ ಕರೆದುಕೊಂಡು ಹೋದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ಇವಕ್ಕ ಬಿಟ್ಟು ಹೋಗಾಕ ಬರಂಗಿಲ್ಲೇನು?"

"ಕೆಲವು ಹೋಗ್ತಾವ. ಆದ್ರ ಲಗೂನ ಬಿಡಂಗಿಲ್ಲವ್ವ."

ಬಸ್ಸಿನಲ್ಲಿ ನಿನ್ನ ಪರವಾಗಿ ಏನಾದರೂ ಹೇಳಬೇಕೆನಿಸಿತು, ಆದರೆ ಏನು ಹೇಳಲಿ, ನನಗೇ... ಹೊಸ ಕೊಲ್ಹಾರದಲ್ಲಿ ಇಳಿಯುವಾಗ ಅವಳೇ, ಈಗ ನೀರು ಇಳಿದಿದೆಯಲ್ಲ, ಆ ಗೋಡೆ ತೋರಿಸು ಎಂದಳು.

ನಿನಗೆ ಗೊತ್ತಿಲ್ಲದ ಸುದ್ದಿ ಇದು: ನೀನು ಬದುಕಿದ್ದಾಗ ಎಷ್ಟು ಕರೆದರೂ ಹರಿಗೋಲಿಗೆ ಕಾಲಿಡದವಳು ನಿನ್ನೆ ನನ್ನೆದುರು ಕೂತಿದ್ದಳು. ನನಗೆ ಹುಟ್ಟು ಹಾಕಲು ಎಲ್ಲಿ ಬರುತ್ತದೆ? ಗೋಡೆಯ ಹತ್ತಿರ ಹೋದದ್ದೇ ಹರಿಗೋಲು ಗರಗರ ಸುತ್ತತೊಡಗಿತು. ಅವ್ವ ಪಾಚಿಗಟ್ಟಿದ ಕಲ್ಲು ಮುಟ್ಟಿ, ಒಲೆ ಎಲ್ಲಿತ್ತು ಎಂದು ಕೇಳಿದಳು. ನನಗೇನು ಗೊತ್ತು? ಹೇಳಬೇಕಾದವನು ನೀನು. ಹರಿಗೋಲನ್ನು ನೆಟ್ಟಗೆ ಮಾಡಲು ಒದ್ದಾಡುತ್ತಿದ್ದೆ. ಅವಳು ಹುಟ್ಟಿನ ಮೇಲೆ ಕೈಯಿಟ್ಟಳು.

"ಬಿಡು, ಇನ್ನೊಂದು ಸುತ್ತು ತಿರಗಲಿ."

ನಿನ್ನ ಮಗಳು