ಹಸಿರು ನೋಟ್‌ಬುಕ್ಕಿನ ನಲವತ್ತನೇ ಪುಟ

ಮಾರ್ಚ್ ೧೨, ಗುರುವಾರ

ಮಗಳು ಅರ್ಜಿ ಹಾಕಿದ ಕಾಲೇಜಿನ ಹಾಲ್ವರ್ಸನ್ ಮೇಡಂ ಫೋನಿನಲ್ಲಿ ಕೇಳಿದ್ದು ಇನ್ನೂ ತಲೆ ಕೊರೀತಿದೆ. ಟ್ಯಾಬಿತಾಗೆ ನಾಲ್ಕು ವರ್ಷ ಮನೆಯಲ್ಲೇ ಪಾಠ ಹೇಳಿದವಳು ನಾನು. ಅಂಕಪಟ್ಟಿ ಬರೆದು ಪ್ರಿನ್ಸಿಪಾಲ್ ಅಂತ ಸಹಿ ಹಾಕಿದವಳೂ ನಾನೇ.

"ನಿಮ್ಮ ಶಾಲೆಗೆ ಮಾನ್ಯತೆ ಕೊಟ್ಟೋರು ಯಾರು?"

ಈ ಮೊಂಟಾನಾ ರಾಜ್ಯದಲ್ಲಿ ಮನೆಯಲ್ಲೇ ಕಲಿಸೋ ನಮ್ಮಂಥವರಿಗೆ ಯಾರು ಕೊಡ್ತಾರೆ? ಯಾರೂ ಇಲ್ಲ ಅಂದೆ.

"ಹೋಗಲಿ ಬಿಡಿ. ಎಲ್ಲದಕ್ಕೂ ಎ ಗ್ರೇಡ್ ಕೊಟ್ಟಿದ್ದೀರಲ್ಲ, ಹುಡುಗಿ ತಪ್ಪು ಮಾಡಿದ್ದೇನಾದರೂ ಇದ್ದರೆ ಕಳಿಸಿ. ಅದನ್ನ ನೋಡಿ ಸೀಟಿನ ಮಾತು."

ತಪ್ಪಂತೆ! ಸರಿಯಾಗೋವರೆಗೂ ಬಿಡದೆ ಬರೆಸಿ, ತಪ್ಪಿದ ಹಾಳೆಗಳನ್ನೆಲ್ಲ ಒಲೆಗೆ ಹಾಕಿದ್ದೇನೆ. ಎಲ್ಲಿಂದ ತರಲಿ?

ವಿಷಯ ಹೇಳೋಕೆ ಹೋದಾಗ ಟ್ಯಾಬಿತಾ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. "ನನ್ನ ತಪ್ಪು ಸಿಗಲ್ಲಮ್ಮಾ. ನಿಂದು ಬೇಕಾದರೆ ಇದೆ" ಅಂದು ಒಂದು ಹಸಿರು ನೋಟ್‌ಬುಕ್ ತಂದಿಟ್ಟಳು. ನಾನು ತಪ್ಪಾಗಿ ಹೇಳಿಕೊಟ್ಟದ್ದೆಲ್ಲ ತಾರೀಖಿನ ಸಮೇತ ಒಂದು ಕಡೆ, ಅವಳೇ ಹುಡುಕಿ ತಿಳಿದುಕೊಂಡದ್ದು ಅದರ ಎದುರಿಗೆ.

"ಆಗಲೇ ಹೇಳೋಕೇನಾಗಿತ್ತೇ ನಿಂಗೆ?"

"ನೀನು ಎಷ್ಟು ಖುಷಿಯಿಂದ ಹೇಳ್ತಿದ್ದೆ ಗೊತ್ತಾ?"

ಮೊದಲು ಮೈಯೆಲ್ಲ ಉರಿಯಿತು. ಈಗ ನೋಡಿದರೆ ಕೆಳಗಿಡೋಕೇ ಮನಸ್ಸಿಲ್ಲ. ನನ್ನ ಪಕ್ಕದಲ್ಲೇ ಕೂತು ಈ ಹುಡುಗಿ ಇನ್ನೇನೇನು ಓದಿಕೊಂಡಳೋ! ಬೇಸಿಗೆಯಲ್ಲಿ ಭೂಮಿ ಸೂರ್ಯನ ಹತ್ತಿರ ಹೋಗುತ್ತೆ ಅಂದಿದ್ದೆನಂತೆ, ನಲವತ್ತನೇ ಪುಟ. 'ಇಲ್ಲ, ನಮ್ಮ ಬೇಸಿಗೆ ಇರೋ ಜುಲೈಯಲ್ಲೇ ಅತಿ ದೂರ' ಅಂತ ಎದುರಿಗೆ ಬರೆದಿದ್ದಾಳೆ. ಇಲ್ಲಿ ಮಾತ್ರ ಸಿಕ್ಕಿಬಿದ್ದಳು ಅಂತ ಎದ್ದು ಹೋಗಿ ಪುಸ್ತಕ ತೆಗೆದು ನೋಡಿದೆ.

ಅವಳೇ ಸರಿ.

ನಾಳೆ ಇದನ್ನೇ ಕಳಿಸ್ತೀನಿ. ನಲವತ್ತೊಂದನೇ ಪುಟ ಒಂದು ಓದಿ ಮಲಗ್ತೀನಿ.