ಊಟಕ್ಕೆ ಹೋದ ಧನ್ಯಾ

ಅರಕಲಗೂಡು
ಜುಲೈ 14, 2025

ಮಗಳು ಧನ್ಯಾಳಿಗೆ,

ಕಲಬುರಗಿಯ ಸೆಕೆ ಇಳಿಯಿತೇ? ನಿನ್ನ ಕಾಲಿನ ಊತ ಹೇಗಿದೆ? ಅಳಿಯಂದಿರ ಕೆಮ್ಮು ವಾಸಿಯಾಯಿತೆಂದು ನಿಮ್ಮಮ್ಮ ಹೋದ ವಾರ ಹೇಳಿದ್ದಳು. ಇಲ್ಲಿ ನಾವಿಬ್ಬರೂ ಆರೋಗ್ಯ. ಸೋನೆ ಹಿಡಿದಿದೆ, ಪೇಪರು ದಿನಾ ಒದ್ದೆಯಾಗಿಯೇ ಬರುತ್ತದೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನಗೆ ಫೋನ್ ಮಾಡಿದರೆ ಅವಳು ಬಂದು ಪಕ್ಕದಲ್ಲಿ ಕೂರುತ್ತಾಳೆ. ಶಶಿಕುಮಾರ ನನಗೆ ಬಾಮೈದ, ಅವಳಿಗೆ ಒಡಹುಟ್ಟಿದ ತಮ್ಮ. ಅದಕ್ಕೇ ಈ ಕಾಗದ.

ಶಶಿ ಮಾವನ ಮೆಡಿಕಲ್ ಸ್ಟೋರಿನ ಗೋಡೆಯಿಂದ, ಲೈಸೆನ್ಸಿಗೆಂದು ತೂಗುಹಾಕಿದ ನಿನ್ನ ಫೋಟೋ ಇರುವ ಫಾರ್ಮಸಿಸ್ಟ್ ಸರ್ಟಿಫಿಕೇಟ್ ಇಳಿಸಿ ತನ್ನಿ ಎಂದಿದ್ದೆಯಲ್ಲ, ಶುಕ್ರವಾರ ಹೋಗಿದ್ದೆ. ಅದಕ್ಕೆ ಮೊದಲು ನಮಗೆ ಹಾಲು ಹಾಕುವ ಅಣ್ಣಮ್ಮನ ಮನೆಗೆ ಹೋದೆ. ಆಕೆಯ ವಿಷಯ ನೀನು ಕೇಳಿದ್ದು ನಿಜ. ಡಾಕ್ಟರು ಬರೆದ ಸಕ್ಕರೆ ಕಾಯಿಲೆಯ ಮಾತ್ರೆ ಅಂಗಡಿಯಲ್ಲಿ ಇರಲಿಲ್ಲವಂತೆ. ಶಶಿ ಅದೇ ಹೆಸರಿನ, ನಾಲ್ಕರಷ್ಟು ಪವರಿನದು ಕೊಟ್ಟಿದ್ದಾನೆ. ಸಕ್ಕರೆ ಕುಸಿದು ಆಕೆ ಕೊಟ್ಟಿಗೆಯಲ್ಲಿ ಬಿದ್ದಿದ್ದು ಗೊತ್ತಾದದ್ದು, ಹೊತ್ತಾದರೂ ಹಾಲು ಕರೆಯಲಿಲ್ಲವೆಂದು ಹಸು ಕೂಗಿದ ಮೇಲೆ. ಹಾಸನದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಗಂಡ ಚಿಕ್ಕಯ್ಯ ಗಂಜಿ ಕುಡಿಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತು, "ನಿಮ್ ಮಗಳ ಫೋಟೋ ಐತಲ್ಲ ಸಾ, ಓದ್ದೋರ್ ಅಂಗ್ಡಿ ಅಂತ ಧೈರ್ಯವಾಗಿ ತಕಂಡೊ. ನಮ್ ಅಣೆಬರ, ಬುಡಿ" ಎಂದ. ಅವನು ಬೈದಿದ್ದರೆ ವಾಸಿಯಿತ್ತು.

ಅಂಗಡಿಯಲ್ಲಿ ಶಶಿ ಮೊದಲು ನಕ್ಕ. "ಏನ್ ಭಾವ, ಬರೀ ಗಾಜಿನ್ ಕಟ್ಟು ತಾನೇ, ಗ್ವಾಡೆ ಮ್ಯಾಗಿದ್ರೆ ನಿಮ್ಗೇನು ಬಾರವಾ? ಈ ರೋಡಲ್ಲಿ ಯಾವನ್ ಅಂಗ್ಡೀಲಿ ಓದ್ದೋರು ಕುಂತವ್ರೆ, ತೋರ್ಸಿ ನೋಡಾನ" ಎಂದ. ನಾನು ಸ್ಟೂಲು ಹತ್ತಿ ಕಟ್ಟು ಇಳಿಸುತ್ತಿದ್ದೆ, ಅಷ್ಟರಲ್ಲಿ ತಪಾಸಣೆಗೆ ಔಷಧ ಇಲಾಖೆಯ ಒಬ್ಬ ಅಧಿಕಾರಿ ಬಂದರು. ಫಾರ್ಮಸಿಸ್ಟ್ ಎಲ್ಲಿ ಎಂದು ಕೇಳಿದರು. "ಮೇಡಂ ಊಟಕ್ ಓಗವ್ರೆ ಸಾ, ಇವ್ರೇ ಅವ್ರ ತಂದೆ" ಎಂದ ಶಶಿ. ಬೆಳಿಗ್ಗೆ ಹತ್ತೂವರೆ ಆಗಿತ್ತು. ನಾನು ಸ್ಟೂಲಿನ ಮೇಲಿಂದಲೇ, ನನ್ನ ಮಗಳು ಕಲಬುರಗಿಯಲ್ಲಿದ್ದಾಳೆ, ಎರಡು ವರ್ಷದಿಂದ ಈ ಅಂಗಡಿಗೆ ಕಾಲಿಟ್ಟಿಲ್ಲ ಎಂದೆ. ಅಣ್ಣಮ್ಮನ ವಿಷಯವನ್ನೂ ಹೇಳಿದೆ. ಅವರು ನನ್ನನ್ನು, ಶಶಿಯನ್ನು, ಗಡಿಯಾರವನ್ನು ನೋಡಿದರು. "ಯಜಮಾನ್ರೇ, ಮೊದ್ಲು ಇಳೀರಿ, ಬಿದ್ಗಿದ್ದೀರಿ" ಎಂದು ತೋಳು ಹಿಡಿದು ಇಳಿಸಿದರು. ಆಮೇಲೆ ಪುಸ್ತಕದಲ್ಲಿ, ಫಾರ್ಮಸಿಸ್ಟ್ ಊಟಕ್ಕೆ ತೆರಳಿದ್ದಾರೆ ಎಂದೇ ಬರೆದುಕೊಂಡು ಹೋದರು.

ಪೇಪರಿನಲ್ಲಿ ದಿನವೂ ಯಾರದೋ ಅಮಾನತು, ಯಾವುದೋ ಅಂಗಡಿಗೆ ಬೀಗ ಎಂದು ಓದುತ್ತೇನೆ. ಯಾರಾದರೂ ಬಾಯಿ ಬಿಟ್ಟು ಹೇಳಿದರೆ ಸಾಕು, ಉಳಿದದ್ದು ತಾನೇ ನಡೆಯುತ್ತದೆ ಎಂದುಕೊಂಡಿದ್ದೆ. ಹೇಳಿ ನೋಡಿದ್ದಾಯಿತು. ಮನೆಯಲ್ಲಿ ನಿಮ್ಮಮ್ಮ, "ನನ್ ತಮ್ಮನ್ ಅನ್ನಕ್ಕೆ ಮಣ್ಣಾಕಕ್ ಒಂಟಿದ್ದೀರಾ?" ಎಂದವಳು ಈಗ ಮಾತೇ ಬಿಟ್ಟಿದ್ದಾಳೆ. ಅನ್ನ ಮಾತ್ರ ಬಡಿಸುತ್ತಾಳೆ.

ಏನೇ ಆಗಲಿ, ಕಟ್ಟು ನನ್ನ ಕೈಯಲ್ಲಿದೆ. ನಾಳೆ ಹಾಸನದಿಂದ ರಿಜಿಸ್ಟರ್ಡ್ ಮಾಡುತ್ತೇನೆ. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಪ್ಪ,
ಪುಟ್ಟರಾಜು

ಮರೆತ ಮಾತು: ಹಾಸನದ ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಊರಲ್ಲಿ ನಿಂತಿದ್ದ ಬಸ್ಸಿನ ಕಿಟಕಿಯಿಂದ ಶಶಿಯ ಅಂಗಡಿ ಕಂಡಿತು. ಯಾವಾಗ ತೆಗೆಸಿಟ್ಟಿದ್ದನೋ, ಅದೇ ಮೊಳೆಗೆ ನಿನ್ನ ಸರ್ಟಿಫಿಕೇಟಿನ ಕಲರ್ ಜೆರಾಕ್ಸ್ ತೂಗುಹಾಕಿದ್ದಾನೆ. ನಿನ್ನ ಮುಖ ಸ್ವಲ್ಪ ಕೆಂಪಗೆ ಬಂದಿದೆ. ಇನ್ನು ನೀನೇ ಇಲಾಖೆಯ ಮೇಲಿನವರಿಗೆ ಬರೆದು ಅಂಗಡಿಯ ಲೈಸೆನ್ಸಿನಿಂದ ಹೆಸರು ಬಿಡಿಸಿಕೊಳ್ಳಬೇಕು. ಬರೆದರೆ ಇಷ್ಟು ದಿನ ಇಲ್ಲದ ಕಡೆ ಇದ್ದಂತೆ ಹೆಸರು ಕೊಟ್ಟಿದ್ದೆನೆಂದು ನೀನೇ ಒಪ್ಪಿಕೊಂಡಂತೆ; ನೋಂದಣಿಯೂ ಹೋದೀತು, ಅಲ್ಲಿಯ ಆಸ್ಪತ್ರೆ ಕೆಲಸವೂ ಹೋದೀತು. ಬರೆಯದಿದ್ದರೆ ಇನ್ನೊಬ್ಬ ಅಣ್ಣಮ್ಮ ನಿನ್ನ ಹೆಸರಿನ ಕೆಳಗೇ ಬೀಳುತ್ತಾಳೆ. ಅಪ್ಪನಾಗಿ ಬರೆ ಎನ್ನಲು ಬಾಯಿ ಬರುತ್ತಿಲ್ಲ, ಬೇಡ ಎನ್ನಲೂ ಬರುತ್ತಿಲ್ಲ. ಬಸ್ಸು ಹೊರಟಾಗ ಚಿಕ್ಕಯ್ಯ ಅದೇ ಅಂಗಡಿಯ ಮುಂದೆ ಚೀಟಿ ಹಿಡಿದು ನಿಂತಿದ್ದ. ತಲೆಯೆತ್ತಿ ನಿನ್ನ ಫೋಟೋ ಇದೆಯೇ ಎಂದು ನೋಡಿದ. ಆಮೇಲೆ ಚೀಟಿ ಕೊಟ್ಟ.